ರಾಜಿಪತ್ರಕ್ಕೊಂದು ಷೆಡ್ಯೂಲು

ಹೊಳೆನರಸೀಪುರದಲ್ಲಿ ಇಪ್ಪತ್ತೆಂಟು ವರ್ಷದಿಂದ ಪತ್ರ ಬರೆದು ಬದುಕುತ್ತಿದ್ದೇನೆ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಉಯಿಲು. ಪ್ರೇಮಪತ್ರವೊಂದನ್ನು ಬರೆದಿಲ್ಲ, ಬರೆದಿದ್ದರೆ ಅದಕ್ಕೂ ಇಬ್ಬರು ಸಾಕ್ಷಿಗಳ ರುಜು ಕೇಳುತ್ತಿದ್ದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತಿನಲ್ಲಿ ಸುಳ್ಳಿಲ್ಲ. ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ನಡೆದು, ಬೀಗ ಎಳೆದು ನೋಡಲು ಮತ್ತೆ ಹಿಂದಿರುಗುವವನು ನಾನು. ಈ ಕಾಯಿಲೆಯೇ ಕಸುಬಿನಲ್ಲಿ ಗುಣ ಅನ್ನಿಸಿಕೊಂಡಿತು. ನಾನು ಬರೆದ ಪತ್ರದಲ್ಲಿ ಚಕ್ಕುಬಂದಿ ತಪ್ಪಿದ್ದಿಲ್ಲ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಬದುವಿನ ಮೇಲೆ ಎಷ್ಟು ತೆಂಗಿನ ಮರ, ಅದರಲ್ಲಿ ಎಷ್ಟಕ್ಕೆ ಸುಳಿ ಬಿದ್ದಿದೆ, ಎಲ್ಲವೂ ಕೊನೆಯ ಪುಟದ ಷೆಡ್ಯೂಲಿನಲ್ಲಿ ಇರಲೇಬೇಕು. ಷೆಡ್ಯೂಲಿಲ್ಲದ ಪತ್ರ ತಲೆಯಿಲ್ಲದ ಮೈ ಎಂದು ಈ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು.

ಇಷ್ಟೆಲ್ಲಕ್ಕೆ ಹೆದರುವವನು ತಂಗಿಯ ವಿಷಯದಲ್ಲಿ ಮಾತ್ರ ನಿಶ್ಚಿಂತನಾಗಿದ್ದೆ. ಅವಳನ್ನು ಅರಕಲಗೂಡಿನ ಕಡೆಗೆ ಕೊಟ್ಟು ಇಪ್ಪತ್ತು ವರ್ಷವಾಗಿತ್ತು. ಹೊಗೆಸೊಪ್ಪು ಬೆಳೆಯುವ ಮನೆ. ಹೊಲದ ಪಕ್ಕದಲ್ಲೇ ಸೊಪ್ಪು ಬೇಯಿಸುವ ಬ್ಯಾರನ್ನು: ಕಿಟಕಿಯಿಲ್ಲದ ಎತ್ತರದ ಕಟ್ಟಡ, ಹೊರಗೆ ಒಲೆ, ಒಳಗೆ ಬಿಸಿ ಹರಿಯುವ ಕಬ್ಬಿಣದ ಕೊಳವೆ, ಮೇಲೆ ಕಡ್ಡಿಗಳಿಗೆ ಕಟ್ಟಿ ತೂಗುಹಾಕಿದ ಎಲೆ. ಶಾಖ ಒಂದಿಷ್ಟು ಏರಿದರೆ ಎಲೆ ಕಪ್ಪಾಗುತ್ತದೆ, ಒಂದು ಬ್ಯಾರನ್ನಿನ ಸೊಪ್ಪು ಹೋಯಿತು. ಹಾಗಾಗಿ ಒಲೆಯ ಮುಂದೆ ಯಾವಾಗಲೂ ಒಬ್ಬರು ಕಾಯುತ್ತಿರಬೇಕು. ಆ ಒಬ್ಬರು ಯಾವಾಗಲೂ ನನ್ನ ತಂಗಿಯೇ.

ಒಂದು ಮಧ್ಯಾಹ್ನ ಅವಳ ಪಕ್ಕದ ಮನೆಯವರ ಫೋನು ಬಂತು.

"ಸಾ, ನಿಮ್ ತಂಗೀನ ಆಸನದ್ ದೊಡ್ಡಾಸ್ಪತ್ರೆಗೆ ತಗಂಡೋದ್ರು. ಜೀವ ಐತೆ, ಗಾಬ್ರಿ ಬೀಳ್ಬ್ಯಾಡಿ."

ಜೀವ ಐತೆ ಎಂದು ನನ್ನಂಥವನಿಗೆ ಹೇಳಬಾರದು. ಹಾಸನ ಮುಟ್ಟುವಷ್ಟರಲ್ಲಿ ಮನಸ್ಸಿನಲ್ಲೇ ಅವಳ ತಿಥಿಯನ್ನೂ ಮಾಡಿ ಮುಗಿಸಿದ್ದೆ. ಆಸ್ಪತ್ರೆಯಲ್ಲಿ ಹಾಸಿಗೆಯ ಮುಂದೆ ನಿಂತು, ಇವಳಲ್ಲ ಎಂದು ಮುಂದಿನ ಹಾಸಿಗೆಗೆ ಹೋಗಿಬಿಟ್ಟೆ. "ಅಣ್ಣ" ಅಂದಿತು ಹಿಂದಿನಿಂದ ಆ ಮುಖ.

ನಡೆದದ್ದು ಇಷ್ಟು. ಅವಳ ಹಸು ಕರು ಹಾಕಲು ತಿಣುಕುತ್ತಿತ್ತು. ಒಲೆಗೆ ಸೌದೆ ಒಡ್ಡಿ ಕೊಟ್ಟಿಗೆಗೆ ಹೋದವಳು ಅರ್ಧ ಗಂಟೆ ಬರಲಿಲ್ಲ. ಶಾಖ ಏರಿತು. ಅರಕಲಗೂಡಿನಿಂದ ಆಗಷ್ಟೇ ಬಂದ ಗಂಡ ಬ್ಯಾರನ್ನಿನ ಬಾಗಿಲು ತೆಗೆದು ಎಲೆ ನೋಡಿದ. ಒಲೆಯಲ್ಲಿದ್ದ, ಕೆಂಡ ಎಳೆಯುವ ಸಲಾಕೆಯನ್ನು ಹಾಗೇ ಎಳೆದುಕೊಂಡು ಕೊಟ್ಟಿಗೆಗೆ ಬಂದ. ಮೊದಲ ಏಟಿಗೆ ಅವಳು ಎಡಗೈ ಅಡ್ಡ ಕೊಟ್ಟಳು, ಮೂಳೆ ಮುರಿಯಿತು. ಎರಡನೆಯದು ಬಾಯಿಗೆ ಬಿತ್ತು, ಮುಂದಿನ ಎರಡು ಹಲ್ಲು ಸಗಣಿಗೆ ಉದುರಿದವು. ಮೂರನೆಯದು ಕಿವಿಯ ಮೇಲೆ.

"ಮೂರ್ನೇದು ನೋಯ್ಲಿಲ್ಲ ಕಣಣ್ಣ," ಅಂದಳು ಊದಿದ ತುಟಿಯಲ್ಲಿ. "ವಾಸ್ನೆ ಬಂತು. ಕೂದ್ಲು ಬೇಯೋ ವಾಸ್ನೆ."

ಆಸ್ಪತ್ರೆಯವರೇ ಪೊಲೀಸಿಗೆ ತಿಳಿಸಿದ್ದರು. ಹೆಂಗಸು ಪೊಲೀಸೊಬ್ಬರು ಬಂದು ಅವಳ ಹೇಳಿಕೆ ಬರೆದುಕೊಂಡರು. ಗಂಡನನ್ನು ಹಿಡಿದು ಒಳಗೆ ಹಾಕಿದರು. ಸೆಕ್ಷನ್ನುಗಳನ್ನು ಓದಿ ಹೇಳಿದರು. ಹೆಂಡತಿಗೆ ಹಿಂಸೆ ಕೊಟ್ಟದ್ದಕ್ಕೆ ಇದ್ದ ಹಳೆಯ ನಾನೂರ ತೊಂಬತ್ತೆಂಟು ಎ ಈಗ ಎಂಬತ್ತೈದಾಗಿದೆ ಎಂಬುದೊಂದನ್ನು ನಾನು ಡೈರಿಯಲ್ಲಿ ಗುರುತು ಹಾಕಿಕೊಂಡೆ. ಆಪತ್ತಿನಲ್ಲೂ ನನಗೆ ಇಂಥವೇ ತೋಚುವುದು.

ಅವಳನ್ನು ನಮ್ಮ ಮನೆಗೆ ಕರೆತಂದೆವು. ಮೂರು ವಾರದಲ್ಲಿ ಅವನಿಗೆ ಜಾಮೀನಾಯಿತು. ನಾಲ್ಕನೇ ವಾರ ಒಂದು ಭಾನುವಾರ ಬೆಳಿಗ್ಗೆ ಅವನು, ಅವನ ತಾಯಿ, ಅವರ ಊರಿನ ಯಜಮಾನರು ನಮ್ಮ ಜಗಲಿಯ ಮೇಲೆ ನ್ಯಾಯಕ್ಕೆ ಕೂತರು.

"ಗಂಡ ಅಂದ್ಮೇಲೆ ಒಂದೇಟು ಒಡೀತಾನೆ, ಇಲ್ಲ ಅನ್ನಕಾಯ್ತದಾ?" ಯಜಮಾನರು ಶುರುಮಾಡಿದರು. "ಆದ್ರೆ ಸಲಾಕೆ ತಗಬಾರ್ದಾಗಿತ್ತು ಕಣ್ಲಾ."

"ಕಾದಿತ್ತು ಅಂತ ಗೊತ್ತಾಗ್ನಿಲ್ಲ ಯಜಮಾನ್ರೇ," ಅಂದ ತಂಗಿಯ ಗಂಡ, ನೆಲ ನೋಡುತ್ತ.

"ತಣ್ಣಗಿದ್ರೆ ಒಡೀಬೋದಾ?" ಒಳಗಿನಿಂದ ನನ್ನ ಹೆಂಡತಿ ಕೂಗಿದಳು.

"ಎಂಗಸ್ರು ನಡೂಕೆ ಬರ್ಬ್ಯಾಡ್ರವ್ವ. ಕೈಲಿ ಒಡುದ್ರೆ ಒಂತರ, ಕಬ್ಬಣ ಒಂತರ. ನಾನ್ ಏಳ್ತಿರೋದು ಅದು."

ಹೀಗೆ ಯಾವುದರಿಂದ ಹೊಡೆಯಬಹುದು, ಎಲ್ಲಿಗೆ ಹೊಡೆಯಬಾರದು ಎಂದು ಮಧ್ಯಾಹ್ನದವರೆಗೆ ಚೌಕಾಸಿ ನಡೆಯಿತು. ನಾನು ಕಾಫಿ ಕೊಡುತ್ತಿದ್ದೆ. ಕೊನೆಗೆ ಅವನು ಕರ್ಪೂರ ಹಚ್ಚಿ ಅಂಗೈಯಿಂದ ಆರಿಸಿ, ಇನ್ನು ಕೈ ಎತ್ತುವುದಿಲ್ಲ ಎಂದು ಆಣೆ ಮಾಡಿದ. ಅವನ ತಾಯಿ ಒಳಗೆ ಹೋಗಿ ತಂಗಿಯ ಮುಂದೆ ಕೂತು, "ನೀನ್ ಇಲ್ದೆ ಅಸ ಆಲೇ ಬುಡ್ತಿಲ್ಲ ಕಣೇ, ಒದ್ದಾಕ್ತದೆ" ಎಂದು ಅತ್ತಳು.

ತಂಗಿ ನನ್ನನ್ನು ಕರೆದು, "ಅಣ್ಣ, ಕೇಸು ವಾಪಸ್ ತಗಂಬುಡವ" ಅಂದಳು.

ನನಗೆ ಹೇಗನ್ನಿಸಿತು ಎಂದು ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಹಗುರವಾಯಿತು. ಕೋರ್ಟು, ಕಚೇರಿ, ಜನರ ಬಾಯಿ, ಎಲ್ಲ ತಪ್ಪುತ್ತದಲ್ಲ. ಆದರೆ ಬಾಯಿಮಾತಿನ ಆಣೆಯನ್ನು ನಂಬುವವನು ನಾನಲ್ಲ. ಪತ್ರವಾಗಬೇಕು ಅಂದೆ. ಮನೆಯಲ್ಲಿದ್ದ ಛಾಪಾಕಾಗದ ತೆಗೆದು ಅಂದೇ ಕೂತು ರಾಜಿಪತ್ರ ಬರೆದೆ. ಎಲ್ಲಿಯೂ ತಪ್ಪಿಸಿಕೊಳ್ಳಲು ಸಂದಿ ಇರಬಾರದೆಂದು ಮೈಯೆಲ್ಲ ಕಣ್ಣಾಗಿ ಬರೆದೆ: "ಸದರಿ ಒಂದನೇ ಪಾರ್ಟಿಯಾದ ನಾನು ನನ್ನ ಧರ್ಮಪತ್ನಿಯಾದ ಎರಡನೇ ಪಾರ್ಟಿಯವರಿಗೆ ಕಾದ ಕಬ್ಬಿಣದ ಸಲಾಕೆಯಿಂದ ಮೂರು ಏಟು ಹೊಡೆದಿರುವುದು ನಿಜವಿರುತ್ತದೆ. ಇನ್ನು ಮುಂದೆ ಕೈಯಿಂದಾಗಲಿ, ದೊಣ್ಣೆಯಿಂದಾಗಲಿ, ಕಬ್ಬಿಣ ಮುಂತಾದ ಸ್ಥಿರ ಚರ ವಸ್ತುಗಳಿಂದಾಗಲಿ ಹೊಡೆಯತಕ್ಕದ್ದಲ್ಲ." ಕೊನೆಯ ಪುಟದಲ್ಲಿ, ಕೈ ತಾನೇ ಹೋದ ಹಾಗೆ, ಷೆಡ್ಯೂಲು: "ಎಡ ಮುಂಗೈ ಮೂಳೆ ಮುರಿತ ಒಂದು. ಮೇಲಿನ ಸಾಲಿನ ಹಲ್ಲು ಎರಡು. ಎಡಗಿವಿಗೆ ಮೇಲೆ, ನೆತ್ತಿಗೆ ಕೆಳಗೆ, ಇದರ ಮಧ್ಯೆ ಇರುವ ಸುಟ್ಟ ಗಾಯ ಮತ್ತು ಒಂಬತ್ತು ಹೊಲಿಗೆ."

ಅವನು ಓದದೆ ಪ್ರತಿ ಪುಟಕ್ಕೂ ರುಜು ಹಾಕಿದ. ಯಜಮಾನರು ಸಾಕ್ಷಿ ಹಾಕಿದರು. ಮಗಳನ್ನು ಕಳಿಸುವಾಗ ಮಡಿಲಿಗೆ ಅಕ್ಕಿ ತುಂಬಬೇಕಲ್ಲ. ತಂಗಿಗೆ ಸೆರಗು ಹಿಡಿಯಲು ಎರಡು ಕೈ ಇರಲಿಲ್ಲ, ಒಂದು ಪಟ್ಟಿಯಲ್ಲಿತ್ತು. ಸೆರಗಿನ ಆ ತುದಿಯನ್ನು ನನ್ನ ಹೆಂಡತಿಯೇ ಹಿಡಿದು, ಇನ್ನೊಂದು ಕೈಯಲ್ಲಿ ಅಕ್ಕಿ ಹಾಕಿದಳು. ಹಾಕುವಾಗ ನನ್ನ ಕಡೆ ನೋಡಿದ ನೋಟವನ್ನು ಯಾವ ಪತ್ರದಲ್ಲೂ ಬರೆಯಲಾರೆ.

ಅಂದೇ ಅವರ ಜೊತೆ ಹೋಗಿದ್ದ ತಂಗಿಯನ್ನು ಮರುದಿನ ಅರಕಲಗೂಡಿನಲ್ಲಿ ಕೂಡಿಕೊಂಡು ಠಾಣೆಗೆ ಹೋದೆ. ಹೆಡ್ ಕಾನ್‌ಸ್ಟೇಬಲರು ಚಹಾ ಕುಡಿಯುತ್ತಿದ್ದರು.

"ಕಂಪ್ಲೇಂಟು ವಾಪಸ್ ತಗತೀನಿ ಸಾ," ಅಂದಳು ತಂಗಿ.

"ವಾಪಸ್ ತಗಳಕ್ಕೆ ಇದೇನು ಪಕ್ಕದ್ಮನೆಗೆ ಕೊಟ್ಟಿದ್ ಪಾತ್ರೇನಮ್ಮ?"

"ಇಬ್ರೂ ರಾಜಿ ಆಗಿದೀವಿ ಸಾ. ಅಣ್ಣ ಪತ್ರ ಬರದವ್ರೆ."

ಅವರು ಪತ್ರ ಇಸಿದುಕೊಂಡು ಒಂದು ಸಲ ಓದಿದರು. ಚಹಾ ಕೆಳಗಿಟ್ಟು ಇನ್ನೊಂದು ಸಲ ಓದಿದರು. ಎದ್ದು ಒಳಗೆ ಹೋಗಿ ಸಾಹೇಬರಿಗೆ ತೋರಿಸಿದರು. ಹೊರಗೆ ಬಂದವರ ಮುಖ ಹಬ್ಬದ ಮುಖವಾಗಿತ್ತು.

"ಏನ್ ಅಕ್ಷರ ಸಾ ನಿಮ್ದು, ಮುತ್ತು! ಎಲ್ಲಾ ಪುಟಕ್ಕೂ ಅವ್ನದೇ ಸೈನಾ?"

"ಪ್ರತಿ ಪುಟಕ್ಕೂ," ಅಂದೆ, ಉಬ್ಬಿ. "ತಿದ್ದುಪಡಿ ಇದ್ದ ಕಡೆ ಅಡ್ಡ ರುಜು ಕೂಡ ಹಾಕಿಸಿದ್ದೇನೆ."

"ಒರಿಜಿನಲ್ ಇಲ್ಲೇ ಇರ್ಲಿ. ಸ್ವೀಕೃತಿ ಕೊಡ್ತೀವಿ."

ಸ್ವೀಕೃತಿ ಸಿಕ್ಕಿತೆಂದು ಅಂದು ನಾನು ನೆಮ್ಮದಿಯಾಗಿ ಊಟ ಮಾಡಿದೆ. ತಂಗಿ ಬಸ್ಸು ಹತ್ತಿ ಗಂಡನ ಮನೆಗೆ ಹೋದಳು.

ಆ ವಾರವೇ ಚನ್ನರಾಯಪಟ್ಟಣಕ್ಕೆ ಬೇರೆ ಕೆಲಸಕ್ಕೆ ಹೋದವನು ಪರಿಚಯದ ವಕೀಲರ ಮನೆಗೆ ಹೋದೆ. ಹಿಂದೆ ಒಂದು ವಿಭಾಗದ ದಾವೆಯಲ್ಲಿ ಜೊತೆಯಾಗಿದ್ದವರು. ಪತ್ರದ ಜೆರಾಕ್ಸ್ ಕೊಟ್ಟೆ. ಓದುತ್ತ ಓದುತ್ತ ಅವರು ನಗಲು ಶುರುಮಾಡಿದರು; ಷೆಡ್ಯೂಲಿಗೆ ಬಂದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅಲ್ರೀ, ಆ ಕೇಸು ನಿಮ್ಮ ತಂಗಿದಲ್ಲ. ಸರ್ಕಾರದ್ದು. ಆಯಮ್ಮ ಬರೀ ಸಾಕ್ಷಿ."

"ಏಟು ತಿಂದವಳು ಅವಳಲ್ವಾ?"

"ಏಟು ಅವರದು, ಕೇಸು ಸರ್ಕಾರದ್ದು. ಈ ಸೆಕ್ಷನ್ನುಗಳಲ್ಲಿ ಇಬ್ಬರೂ ಕೂತು ರಾಜಿ ಆದ್ವಿ ಅಂದ್ರೆ ಕೆಳಗಿನ ಕೋರ್ಟು ಬಿಡಲ್ಲ. ಹೈಕೋರ್ಟಿಗೆ ಹೋಗಿ, ಆಯಮ್ಮ ಪ್ರಮಾಣಪತ್ರ ಹಾಕಿ, ಕೇಸು ರದ್ದು ಮಾಡಿ ಅಂತ ಬೇಡ್ಕೋಬೇಕು. ಅವರು ಒಪ್ಪಿದರೆ ಉಂಟು, ಇಂಥಾ ಗಾಯ ನೋಡಿ ಒಪ್ಪದೆಯೂ ಇರಬಹುದು. ಇಲ್ಲಾ, ಸಾಕ್ಷಿ ಕಟಕಟೆ ಹತ್ತಿ, ಬಿದ್ದೆ ಅಂತ ಸುಳ್ಳು ಹೇಳಬೇಕು. ಅದಕ್ಕೆ ಬೇರೆ ಶಿಕ್ಷೆ ಇದೆ." ಪತ್ರವನ್ನು ಬೆರಳಿಂದ ಬಡಿದರು. "ಈಗ ಅದನ್ನೂ ಹೇಳೋ ಹಾಗಿಲ್ಲ. ಹೊಡೆದಿದ್ದು ನಿಜ ಅಂತ ಬರೆದು, ಅವನ ರುಜು ಹಾಕಿಸಿ, ಸಾಕ್ಷಿ ಹಾಕಿಸಿ, ನೀವೇ ತಗೊಂಡು ಹೋಗಿ ಪೊಲೀಸಿಗೆ ಕೊಟ್ಟಿದ್ದೀರಿ. ನಲವತ್ತು ವರ್ಷದಲ್ಲಿ ಇಂಥ ರಾಜಿ ನೋಡಿಲ್ಲ." ಮತ್ತೆ ನಕ್ಕರು. "ಈಗ ತಂಗಿ ನಿಮ್ಮನೇಲೇ ಇದಾರಾ?"

"ಇಲ್ಲ. ಮಡಿಲಕ್ಕಿ ತುಂಬಿ ಗಂಡನ ಮನೆಗೆ ಕಳಿಸಿದ್ವಿ."

ಅವರ ನಗು ನಿಂತಿತು. "ಅವಳ ಹತ್ತಿರ ಸುಳಿಯಬಾರದು ಅಂತ ಜಾಮೀನಿನ ಷರತ್ತು ಇರುತ್ತಲ್ರೀ. ಈ ಪತ್ರದಿಂದ ಏನಾಗಿದೆ ಅಂತ ಅವನಿಗೆ ಗೊತ್ತಾ?"

"ಇಲ್ಲ."

"ಚಾರ್ಜ್‌ಶೀಟಿನ ಪ್ರತಿ ಅವನ ಕೈಗೆ ಬಂದ ದಿನ ಗೊತ್ತಾಗುತ್ತೆ. ಅದಕ್ಕೆ ಮುಂಚೆ ಕರ್ಕೊಂಡು ಬಂದುಬಿಡಿ."

ಆವತ್ತೇ ಹೋಗಬೇಕಿತ್ತು. ನಾನು ಫೋನು ಮಾಡಿದೆ. ಹೆದರುಪುಕ್ಕಲರ ಶೌರ್ಯವೆಲ್ಲ ಫೋನಿನಲ್ಲಿ. ದಿನಕ್ಕೆ ಮೂರು ಸಲ ಮಾಡಿದೆ.

"ಅಣ್ಣ, ಅಸ ಕರೆಯಕ್ಕಾರೂ ಬುಡು. ಸೆಂದಾಗವ್ರೆ. ಒಂದ್ ಮಾತೂ ಆಡಿಲ್ಲ."

ಎರಡು ತಿಂಗಳು ಹೀಗೇ ಹೋಯಿತು. ಕರೆದುಕೊಂಡು ಬಂದರೆ ಊರವರು ಏನೆನ್ನುತ್ತಾರೆ, ಆಣೆ ಮಾಡಿದವನನ್ನು ನಂಬಲಿಲ್ಲ ಅನ್ನುವುದಿಲ್ಲವೇ, ಎಂದೆಲ್ಲ ಲೆಕ್ಕ ಹಾಕುತ್ತ ಕೂತೆ. ಒಂದು ಗುರುವಾರ ಅವಳು ಮೂರು ಸಲವೂ ಫೋನು ಎತ್ತಲಿಲ್ಲ. ಬಸ್ಸು ಹತ್ತಿದೆ.

ನಾಲ್ಕು ಗಂಟೆಯ ಬಿಸಿಲು. ಬ್ಯಾರನ್ನಿನ ಮುಂದಿನ ಅಂಗಳದಲ್ಲಿ ಅವಳು ನೆಲಕ್ಕೆ ಬಿದ್ದಿದ್ದಳು. ಅವನು ಅವಳ ಎದೆಯ ಮೇಲೆ ಮಂಡಿ ಊರಿ, ಒಂದು ಕೈಯಲ್ಲಿ ಜುಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಅವಳ ಬಾಯಿಗೆ ಕಾಗದ ತುರುಕುತ್ತಿದ್ದ. ದೂರದಿಂದಲೇ ನನಗೆ ಗುರುತಾಯಿತು. ನನ್ನ ಅಕ್ಷರದ ಜೆರಾಕ್ಸು, ಚಾರ್ಜ್‌ಶೀಟಿನ ಜೊತೆ ಬಂದದ್ದು.

"ನುಂಗೇ! ನಿಮ್ಮಣ್ಣ ಬರದವ್ನಲ್ಲ, ನುಂಗು! ಒಂಬತ್ತು ಒಲ್ಗೆ ಅಂತೆ, ನುಂಗು!"

ಅವಳು ತಲೆ ಹೊರಳಿಸಿದಾಗಲೆಲ್ಲ ಜುಟ್ಟು ಹಿಡಿದು ತಲೆಯನ್ನು ನೆಲಕ್ಕೆ ಕುಕ್ಕುತ್ತಿದ್ದ. ಹಲ್ಲಿಲ್ಲದ ಜಾಗದಲ್ಲಿ ಕಾಗದ ಸಲೀಸಾಗಿ ಹೋಗುತ್ತಿತ್ತು. ಇಷ್ಟೂ ಹೊತ್ತು ಅವನ ತಾಯಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಸಾಕ್ ಬುಡ್ಲಾ, ಸತ್ತ್‌ಗಿತ್ತೋದಾಳು" ಎಂದು, ಮಳೆ ಬರಬಹುದು ಅನ್ನುವ ದನಿಯಲ್ಲಿ ಹೇಳುತ್ತಿದ್ದಳು.

ನಾನು ಏನು ಮಾಡಿದೆ? "ನೋಡಿ, ಇದು ಸರಿಯಲ್ಲ" ಅಂದೆ. ಬಹುವಚನದಲ್ಲಿ.

ಅವನು ಎದ್ದ. ಗೋಡೆಗೆ ಒರಗಿಸಿದ್ದ ಸೊಪ್ಪು ಕಟ್ಟುವ ಕಡ್ಡಿಗಳಲ್ಲಿ ಕೈಗೆ ಬಂದಷ್ಟನ್ನು ಬಾಚಿಕೊಂಡು, "ಬಾ ಬಾವ, ನಿಂಗೂ ಒಂದು ಸೆಡೂಲು ಬರೀತೀನಿ" ಎಂದು ಬಂದ. ಮೊದಲ ಏಟಿಗೆ ಕನ್ನಡಕ ಹೋಯಿತು. ಆಮೇಲಿನವು ಎಲ್ಲಿಂದ ಬಂದವೋ ಕಾಣಲಿಲ್ಲ. ಬೆನ್ನು, ಪಕ್ಕೆಲುಬು, ಬಿದ್ದ ಮೇಲೆ ಹೊಟ್ಟೆಗೆ ಕಾಲು. ನಾನು ಬೈಯಲಿಲ್ಲ, ತಿರುಗಿ ಹೊಡೆಯಲಿಲ್ಲ. ಕೈಗಳಿಂದ ತಲೆ ಮುಚ್ಚಿಕೊಂಡು ಒಂದು, ಎರಡು ಎಂದು ಎಣಿಸುತ್ತಿದ್ದೆ. ಹನ್ನೊಂದರ ಹತ್ತಿರ ಏಟು ನಿಂತಿತು. ತಂಗಿ ಎದ್ದಿದ್ದಳು. ಬಾಯಿಂದ ಕಾಗದ ಉಗುಳಿ, ಒಲೆಯ ಮುಂದಿದ್ದ ಸೌದೆ ಕೊರಡನ್ನು ಒಂದೇ ಕೈಯಲ್ಲಿ ಎತ್ತಿ ಅವನ ಕಾಲಿನ ಹಿಂದೆ ಹಾಕಿದ್ದಳು. ಅವನು ಮಂಡಿ ಹಿಡಿದುಕೊಂಡು ಕೂತಿದ್ದ. ಅವಳು ನನ್ನ ರೆಟ್ಟೆ ಹಿಡಿದು ಎಬ್ಬಿಸಿ, ದರದರ ಎಳೆದುಕೊಂಡು ರಸ್ತೆಗೆ ಬಂದಳು. ಹಾಲಿನ ವ್ಯಾನು ಸಿಕ್ಕಿತು. ಕ್ಯಾನುಗಳ ನಡುವೆ ಅವಳ ತೊಡೆಯ ಮೇಲೆ ತಲೆಯಿಟ್ಟು ಅರಕಲಗೂಡಿನವರೆಗೆ ಹೋದೆ. ಕಾಪಾಡಲು ಹೋದವನು ನಾನು.

ಎರಡನೆಯ ಕೇಸಾಯಿತು. ಜಾಮೀನು ರದ್ದಾಗಿ ಅವನು ಒಳಗೆ ಹೋದ. ಒಂದು ತಿಂಗಳಿಗೆ ಯಜಮಾನರು, ಅವನ ತಾಯಿ ಮತ್ತೆ ನಮ್ಮ ಜಗಲಿಗೆ ಬಂದರು. ಹೈಕೋರ್ಟಿನ ವಿಷಯ ಅವರಿಗೂ ಯಾರೋ ಹೇಳಿಕೊಟ್ಟಿದ್ದರು.

"ಒಂದ್ ಸೈನ್ ಆಕ್ಬುಡವ್ವ. ಮುಗ್ದೋಯ್ತದೆ."

"ಕೇಸು ನಂದಲ್ವಂತೆ," ಅಂದಳು ತಂಗಿ, ಬಟಾಣಿ ಬಿಡಿಸುತ್ತ. "ಸರ್ಕಾರದ್ದಂತೆ. ಸರ್ಕಾರನೇ ಕೇಳಿ."

"ನಿನ್ ಗಂಡ ಜೈಲಲ್ಲಿ ಮುದ್ದೆ ತಿಂತಾ ಅವ್ನೆ."

"ನಾನೂ ಮುದ್ದೆನೇ ತಿನ್ನೋದು. ಮುಂದಿನ್ ಅಲ್ಲು ಇಲ್ದೆ ನುಂಗ್ತೀನಿ."

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ನೋಡು, ಪೂರ್ತಿ ಹಾಗಲ್ಲ. ಹೈಕೋರ್ಟಿನಲ್ಲಿ ನಿನ್ನ ಪ್ರಮಾಣಪತ್ರ ಇದ್ದರೆ ಒಂದು ದಾರಿ ಇದೆ ಅಂತ ವಕೀಲರು..."

"ಗೊತ್ತು ಕಣಣ್ಣ. ಅತ್ಗೆ ಏಳವ್ರೆ. ನೀನ್ ಬಾಯ್ ಮುಚ್ಕಂಡಿರು." ಸಿಪ್ಪೆಯನ್ನು ಒಂದು ಬದಿಗೆ ತಳ್ಳಿದಳು. "ಆವತ್ತು ಟೇಸನ್‌ನಲ್ಲಿ ಅವ್ರು ಕಂಪ್ಲೇಂಟು ವಾಪಸ್ ಕೊಟ್ಟಿದ್ರೆ ತಗಂಡ್ ಬರ್ತಿದ್ದೆ. ತಗಂಡು ಸಾಯ್ತಿದ್ದೆ."

ಆದರೂ ಸಾಕ್ಷಿಯ ದಿನದವರೆಗೆ ನನಗೆ ನಿದ್ದೆಯಿಲ್ಲ. ಕಟಕಟೆ ಹತ್ತಿದ ಮೇಲೆ ಹೆಂಗಸರು ತಿರುಗಿಬಿಡುತ್ತಾರೆ ಎಂದು ವಕೀಲರು ಹೇಳಿದ್ದರು. ಎದುರಿಗೆ ಗಂಡ ನಿಂತಿರುತ್ತಾನೆ, ಹಿಂದಿನ ಬೆಂಚಿನಲ್ಲಿ ಊರು ಕೂತಿರುತ್ತದೆ. ಬಿದ್ದೆ ಅನ್ನುವುದು ಒಂದೇ ಮಾತು, ಸುಲಭ. ಆಮೇಲೆ ಅವನು ಬಿಡುಗಡೆಯಾಗಿ ಬರುತ್ತಾನೆ, ಈ ಸಲ ಕಾಗದದಲ್ಲಿ ನಿಲ್ಲಿಸುವುದಿಲ್ಲ.

ಪತ್ರ ಬರೆದವನಾದ್ದರಿಂದ ನಾನೂ ಒಬ್ಬ ಸಾಕ್ಷಿ. ಒಬ್ಬರ ಸಾಕ್ಷಿಯನ್ನು ಇನ್ನೊಬ್ಬರು ಕೇಳಬಾರದೆಂದು ಆ ದಿನ ಕೋರ್ಟಿನ ಜವಾನ ನನ್ನನ್ನು ಹೊರಗೆ ಹಾಕಿದ. ಜಗಲಿಯಲ್ಲಿ ಕಿಟಕಿಯ ಕೆಳಗೆ ಬೆಂಚಿತ್ತು. ಕಿಟಕಿ ತೆರೆದಿತ್ತು. ಜೀವನದಲ್ಲಿ ಮೊದಲ ಸಲ ಒಂದು ನಿಯಮ ಮುರಿದೆ.

ಸರ್ಕಾರಿ ವಕೀಲರು ಕೇಳಿದರು: "ಆ ದಿನ ಏನಾಯ್ತು ಹೇಳಮ್ಮ."

ಕಿಟಕಿಯ ಸರಳಿಗೆ ಕಿವಿ ಹಚ್ಚಿದೆ.

"ಬಿದ್ದೆ ಸಾ," ಅಂದಳು.

ಮುಗಿಯಿತು ಅಂದುಕೊಂಡೆ.

"ಮೂರ್ನೇ ಏಟ್ಗೆ ಬಿದ್ದೆ. ಮೊದ್ಲ್ನೇ ಎರಡಕ್ಕೆ ನಿಂತೇ ಇದ್ದೆ."

ಆಮೇಲೆ ಎಲ್ಲ ಹೇಳಿದಳು. ಹಸು, ಒಲೆ, ಸಲಾಕೆ, ಕೂದಲಿನ ವಾಸನೆ. ಅಳಲಿಲ್ಲ. ನ್ಯಾಯಾಧೀಶರು ಅವಳ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬೆರಳಚ್ಚಿನವರಿಗೆ ಹೇಳುತ್ತ ಹೋದರು. ಇದಕ್ಕೂ ಮುಂಚೆ ಹೊಡೆದಿದ್ದುಂಟೋ ಎಂದು ಸರ್ಕಾರಿ ವಕೀಲರು ಕೇಳಿದರು.

"ಊಂ ಸಾ. ಮದ್ವೆ ಆದ ಆರ್ನೇ ವರ್ಸ ಕತ್ಗೆ ಅಗ್ಗ ಆಕಿ ಕೊಟ್ಗೆ ಸುತ್ತಾ ಎಳ್ದಿದ್ರು. ಅಣ್ಣನ್ ಮನೆಗೆ ಓಡ್ಬಂದೆ. ಸೆರಗು ಒದ್ಕಂಡಿದ್ದೆ, ಅಣ್ಣಂಗೆ ಕತ್ತು ಕಾಣ್ಲಿಲ್ಲ. ಊಟ ಆಕ್ಸಿ ಬಸ್ ಅತ್ಸಿದ್ರು."

"ಸಾಕ್ಷಿಯು ಅಣ್ಣನ ಮನೆಗೆ ಬಂದಿದ್ದು, ಗಾಯ ಅಣ್ಣನ ಗಮನಕ್ಕೆ ಬಾರದ ಕಾರಣ, ಅವರು ವಾಪಸು ಕಳಿಸಿರುತ್ತಾರೆ," ಎಂದು ನ್ಯಾಯಾಧೀಶರು ಬರೆಸಿದರು.

ಎದುರು ವಕೀಲರು ಎದ್ದರು. "ಇದೆಲ್ಲ ನಿಮ್ಮ ಅಣ್ಣ ಹೇಳಿಕೊಟ್ಟಿದ್ದಲ್ವಾ?"

"ಅವ್ನಾ? ಅವ್ನು ಏಳ್ಕೊಟ್ಟಿದ್ರೆ ರಾಜಿ ಆಗು ಅಂತಿದ್ದ."

ಒಳಗೆ ಯಾರೋ ನಕ್ಕರು. ಇನ್ನೂ ಅರ್ಧ ಗಂಟೆ ಅವಳನ್ನು ತಿರುಗಿಸಿ ಮುರುಗಿಸಿ ಕೇಳಿದರು. ಅವಳು ತಿರುಗಲಿಲ್ಲ.

ಊಟದ ಬಿಡುವಿನ ನಂತರ ಜವಾನ ನನ್ನ ಹೆಸರು ಕೂಗಿದ. ಕಟಕಟೆ ಹತ್ತಿದೆ. ಪ್ರಮಾಣ ಮಾಡಿಸಿದರು. ಪತ್ರ ತೋರಿಸಿದರು; ಅಕ್ಷರ ನನ್ನದು, ರುಜು ಅವನದು ಅಂದೆ. ತಂಗಿ ಹಿಂದಿನ ಬೆಂಚಿನಲ್ಲಿ ಬಾಯಿಗೆ ಸೆರಗು ಹಿಡಿದು ಕೂತಿದ್ದಳು. ಮದುವೆಯಾದ ಆರನೇ ವರ್ಷ ತಂಗಿ ನಿಮ್ಮ ಮನೆಗೆ ಬಂದಿದ್ದಳೇ ಎಂದು ಸರ್ಕಾರಿ ವಕೀಲರು ಕೇಳಿದರು.

"ಬಂದಿದ್ದಳು."

"ಗಾಯ ಇದ್ದದ್ದು ನಿಮಗೆ ಗೊತ್ತಾಗಲಿಲ್ಲ?"

ಅಣ್ಣನಿಗೆ ಕತ್ತು ಕಾಣಲಿಲ್ಲ ಎಂದು ಹೇಳಿ ಅವಳು ನನಗಾಗಿ ಬಾಗಿಲು ತೆರೆದಿಟ್ಟಿದ್ದಳು. ಗೊತ್ತಾಗಲಿಲ್ಲ ಅಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳ ಸಾಕ್ಷಿಗೂ ಹೊಂದುತ್ತಿತ್ತು.

"ಬೇಸಿಗೆ ಸ್ವಾಮಿ," ಅಂದೆ. "ಊಟಕ್ಕೆ ಕೂತಾಗ ಬೆವರು ಒರೆಸಿಕೊಳ್ಳಲು ಸೆರಗು ಸರಿಸಿದಳು. ಹಗ್ಗದ ಗುರುತು ಕಿವಿಯಿಂದ ಕಿವಿಯವರೆಗೆ ಇತ್ತು. ಚರ್ಮ ಎದ್ದಿತ್ತು. ನಾನು ನೋಡಿದೆ. ನೋಡಿಯೂ ಬಸ್ಸು ಹತ್ತಿಸಿದೆ."

ಬೆರಳಚ್ಚಿನವರು ಬರೆಯುವುದನ್ನು ನಿಲ್ಲಿಸಿ ನ್ಯಾಯಾಧೀಶರ ಮುಖ ನೋಡಿದರು.

"ಬರಕೊಳ್ಳಿ," ಅಂದರು ನ್ಯಾಯಾಧೀಶರು.